ಬೆಚ್ಚಗಾದರೆ ಬೆಳ್ಳಗಾಗುವ ಮಸೂರ

ಕಣ್ಣೊಳಗೆ ಕೂರಿಸುವ ಎರಡು ಮಸೂರಗಳನ್ನೂ ಮವ್ಲುದಾ ಮೈಶಾಖದಷ್ಟು ಬಿಸಿಯಿದ್ದ ನೀರಿಗೆ ಬಿಟ್ಟಳು. ಒಂದು ತಿಳಿಯಾಗಿಯೇ ಉಳಿಯಿತು. ಇನ್ನೊಂದು ಬೆಂದ ಮೀನಿನ ಕಣ್ಣಿನಂತೆ ಬೆಳ್ಳಗಾಯಿತು.

ಎರಡನ್ನೂ ಮಾಡಿದವಳು ಅವಳೇ. ಪ್ಲಾಸ್ಟಿಕ್ಕಾಗಿ ಗಟ್ಟಿಯಾಗುವ ಅವೇ ಎರಡು ಅಕ್ರಿಲೇಟ್ ದ್ರವಗಳು, ಅದೇ ತೂಕ. ಬೇರೆಯಾದದ್ದು ಜೋಡಣೆ ಮಾತ್ರ. ಒಂದಕ್ಕೆ ಇನ್ನೊಂದನ್ನು ಆರು ಗಂಟೆ ಹನಿಹನಿಯಾಗಿ ಬಿಟ್ಟರೆ ಅಣುಗಳ ಸರಪಳಿಯುದ್ದಕ್ಕೂ ಎರಡೂ ಬೆರೆತು ಕೂರುತ್ತವೆ. ಒಮ್ಮೆಲೇ ಸುರಿದರೆ ಒಂದೊಂದು ಜಾತಿಯೂ ತನ್ನದೇ ಗುಂಪು ಕಟ್ಟಿಕೊಳ್ಳುತ್ತದೆ. ಬೆಚ್ಚಗಾದೊಡನೆ ನೀರನ್ನು ದೂಡಿ ಮುದುಡಿ ಬೆಳ್ಳಗಾಗುತ್ತದೆ.

ಅವಳು ಸುರಿದಿದ್ದಳು. ಮೂರನೆಯ ಗಂಟೆಯಲ್ಲಿ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಉಳಿದದ್ದನ್ನೆಲ್ಲ ಬಗ್ಗಿಸಿ ಗಂಡ ದಿಲ್ಮುರೋದನ ಬಳಿಗೆ ಓಡಿದ್ದಳು. ಅವನು ಉಳಿಯಲಿಲ್ಲ. ಅವಳು ಸೂತಕದಲ್ಲಿ ಕೂತಿದ್ದ ನಲವತ್ತು ದಿನಗಳಲ್ಲಿ, ವಿಷಯ ಗೊತ್ತಿಲ್ಲದ ಪ್ರಯೋಗಾಲಯದವರು ಅದರಿಂದಲೇ ಮಸೂರ ಕೊರೆದರು. ಪ್ರಯೋಗಕ್ಕೆಂದು ಅವುಗಳಲ್ಲೊಂದು ಹೋಗಿ ಕೂತದ್ದು ಅವಳ ಅತ್ತೆ ಒಯ್ನಿಸಾಳ ಕಣ್ಣಿನಲ್ಲಿ. ಇದ್ದದ್ದೇ ಆ ಒಂದು ಕಣ್ಣು.

ಮಧ್ಯಾಹ್ನ ಅವಳು ಮನೆಗೆ ಬಂದಾಗ ತಾಷ್ಕೆಂಟಿನಲ್ಲಿ ಹಿಮ ಬೀಳುತ್ತಿತ್ತು. ಅತ್ತೆ ಕೆಂಡದ ಗುಂಡಿಯ ಮೇಲಿನ ಗಿಡ್ಡ ಮೇಜಿಗೆ ಹೊದಿಸಿದ ಕೌದಿಯೊಳಗೆ ಕಾಲು ಚಾಚಿ ಕೂತಿದ್ದಳು.

"ಅತ್ತೆ, ನಾಳೆ ಆ ಮಸೂರ ತೆಗೆಸ್ಬೇಕು. ನಾನು ಕೆಡಿಸಿದೀನಿ. ಬಿಟ್ರೆ ಕಣ್ಣೇ ಹೋಗತ್ತೆ."

"ಸುಮ್ನಿರೇ. ಅಂಗಳದ ಚಳೀಲಿ ನಿಂತ್ರೆ ಕಾಗೆ ಪುಕ್ಕ ಎಣಿಸ್ತೀನಿ. ಒಳಗೆ ಬಂದ್ರೆ ಮಾತ್ರ ಮಂಜು."

"ಕೆಟ್ಟಿರೋದು ಅದೇ."

"ಆ ಮಂಜಲ್ಲೇ ಕಣೇ ನನ್ನ ಮಗ ಬರೋದು." ಮುದುಕಿ ನಕ್ಕಳು. "ಹೊಟ್ಟೆಕಿಚ್ಚಾ? ನೀನೂ ಒಂದು ಹಾಕಿಸ್ಕೋ."

"ಅದು ಬರೀ ಬಿಳಿ ಕಲೆ, ಅತ್ತೆ."

"ಕಲೆಗೆ ಬೂಟು ಇರತ್ತಾ? ಅದೂ ಒಂದೇ ಕಾಲಿಗೆ. ನಿನ್ನ ಹಿಂದೇನೇ ನಿಂತಿದಾನೆ ನೋಡು."

ಆಸ್ಪತ್ರೆಯಲ್ಲಿ ಮಲಗಿಸಿದ್ದಾಗ ದಿಲ್ಮುರೋದನ ಬಲಗಾಲಿನಲ್ಲಿ ಬೂಟು ಇರಲಿಲ್ಲ. ಮನೆಯವರಲ್ಲಿ ಅದನ್ನು ಕಂಡವಳು ಮವ್ಲುದಾ ಒಬ್ಬಳೇ. ಯಾರಿಗೂ ಹೇಳಿರಲಿಲ್ಲ.

ಅವಳು ತಿರುಗಿ ನೋಡಲಿಲ್ಲ. ಗೋಡೆಗುಂಟ ಸರಿದು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಅತ್ತೆಯ ಮೇಲಿನ ಕೌದಿಯನ್ನೂ ಎಳೆದು ಹಾಕಿದಳು. ಹಿಮಗಾಳಿ ನೇರ ಮುದುಕಿಯ ಮುಖಕ್ಕೆ ಬಡಿಯಿತು. ಬಹಳ ಹೊತ್ತು ಹಾಗೇ ನಿಂತಳು.

ಒಯ್ನಿಸಾ ಕಣ್ಣು ಮಿಟುಕಿಸಿದಳು. ಇನ್ನೊಮ್ಮೆ ಮಿಟುಕಿಸಿದಳು.

"ಹೋಗ್ತಿದಾನೆ," ಎಂದಳು. "ಮುಖ ಹೋಯ್ತು. ಮುಚ್ಚೇ, ಪಾಪಿ."

ಮರುದಿನ ಬೆಳಿಗ್ಗೆ ಎಂಟಕ್ಕೆ ವೈದ್ಯರು ಬರಹೇಳಿದ್ದರು. ಮವ್ಲುದಾ ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ಬಾಗಿಲು ಮುಚ್ಚಿದಳು. ಕೆಂಡಕ್ಕೆ ಎರಡು ತುಂಡು ಇದ್ದಿಲು ಹಾಕಿ ಊದಿ, ಕೌದಿಯನ್ನು ಮತ್ತೆ ಹೊದಿಸಿ, ಅತ್ತೆಯ ಪಕ್ಕದಲ್ಲಿ ಅದರೊಳಗೆ ಕಾಲಿಟ್ಟು ಕೂತಳು.

"ಬಂದ್ರಾ?" ಎಂದು ಕೇಳಿದಳು.