ಕಣ್ಣಿಗೆ ಬಿಟ್ಟ ಜಾಗ

ಚಂಪಿಯ ಬೆನ್ನು ಅಲುಗಿತು, ಉಸಿರಾಡಿದ ಹಾಗೆ, ಇಲ್ಲ, ಕಿಟಕಿಯಾಚೆಯ ಬೇವಿನ ನೆರಳು ಅದು, ಚಿತ್ರದ ಬೆಕ್ಕು ಉಸಿರಾಡುವುದಿಲ್ಲ, ಅದಕ್ಕಿನ್ನೂ ಕಣ್ಣೇ ಇಲ್ಲ, ಹುಣಸೆ ಬೀಜದಷ್ಟು ಎರಡು ಬಿಳಿ ಜಾಗ ಅಷ್ಟೇ — ಬೆಳಿಗ್ಗೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಪಕ್ಕದಾಕೆ ಚಿತ್ರಕ್ಕೆ ಹೊದಿಸಿದ ಬಟ್ಟೆ ಸರಿಸಿ ನೋಡಿ ನಕ್ಕಳು, ಕಣ್ಣಿಲ್ಲದ ಬೆಕ್ಕು ಇಲಿ ಹೆಂಗ ಹಿಡಿತೈತಿ ಬೇ, ನಾನೂ ನಕ್ಕೆ, ಕಾರಣ ಹೇಳಹೋದರೆ ನಾನಿಯಿಂದ ಶುರು ಮಾಡಬೇಕು, ಅಮ್ಮಿಯ ತಾಯಿ ನಾನಿ, ನನ್ನ ಮೊದಲ ಬೆಕ್ಕಿನ ಚಿತ್ರ ನೋಡಿ ಬಾಗಿಲಲ್ಲೇ ನಿಂತವಳು, ಉಸಿರಿರೋದನ್ನ ಬರದವರಿಗೆ ಮ್ಯಾಲೆ ಕೇಳ್ತಾರ, ಇದಕ್ಕ ಜೀವಾ ತುಂಬು ಅಂತ, ಏನ್ ಹೇಳ್ತಿ ಆವಾಗ, ನಾನು ಕುಂಚ ತೊಳೆದಿಟ್ಟೆ, ಸಂಜೆ ತಾನೇ ಬಂದು, ಆತು, ನಮ್ಮ ಮನ್ಯಾಗ ಕಣ್ಣ ಬ್ಯಾಡ, ಅವರ ಮನಿಗೆ ಹೋಗಿ ಬರಿ — ಅಂದಿನಿಂದ ಬೆಟಗೇರಿಯ ಮನೆಯಲ್ಲಿ ಮೀಸೆಯವರೆಗೆ, ಕಣ್ಣು ಮಾತ್ರ, ದುಡ್ಡು ಕೊಟ್ಟು ಚಿತ್ರ ಬರೆಸಿದವರ ಮನೆಯಲ್ಲಿ, ಬೆಕ್ಕನ್ನು ಎದುರಿಗೆ ಕೂಡಿಸಿಕೊಂಡು, ಶಿರಹಟ್ಟಿಯ ಒಂದು ಮನೆಯಲ್ಲಿ ಕಣ್ಣು ಬರೆಯುವ ಹೊತ್ತಿಗೆ ಒಡೆಯಲು ತೆಂಗಿನಕಾಯಿ ಹಿಡಿದು ನಿಂತಿದ್ದರು, ಅದನ್ನು ಕೇಳಿ ನಾನಿ ದುಪಟ್ಟಾ ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು, ಹೋದ ಚಳಿಗಾಲದಲ್ಲಿ ಹೋಗಿಬಿಟ್ಟಳು, ಈಗ ಮನೆಯಲ್ಲೂ ತಡೆಯುವವರಿಲ್ಲ, ಕೈ ಮಾತ್ರ ಕಣ್ಣಿನ ಹತ್ತಿರ ಬಂದು ನಿಲ್ಲುತ್ತದೆ.

ಚಂಪಿಯ ಕಣ್ಣಿಗೆ ಜೇನಿನ ಬಣ್ಣ ಕಲಸಿಟ್ಟಿದ್ದೇನೆ, ತಟ್ಟೆಯಲ್ಲಿ ಅಂಚು ಒಣಗುತ್ತಿದೆ, ಬಸ್ಸಿಳಿಯುವವರೆಗೂ ಮನಸ್ಸಿನಲ್ಲಿ ಇದನ್ನೇ ಕಲಸುತ್ತ ಬಂದೆ, ಬಾಗಿಲಲ್ಲಿ ದುರ್ಗಾ, ನಾಗಾವಿಯಲ್ಲಿ ಓದುವಾಗ ನನ್ನ ಪಕ್ಕದ ಬೆಂಚಿನವಳು, ಚಿತ್ರ ಹೇಳಿ ಬರೆಸಿದವಳು, ಚಂಪಿ ನಿನ್ನೆ ಹೋತು ಲೇ, ಫೋನ್ ಮಾಡಿದ್ರ ನೀ ಬರೂದಿಲ್ಲಂತ ಮಾಡಲಿಲ್ಲ — ಈಗ ಫೋನಿನ ಫೋಟೋ ತೋರಿಸುತ್ತಾಳೆ, ಇದನ್ನ ನೋಡಿ ಬರಿ, ಫ್ಲಾಶಿಗೆ ಅಲ್ಲೂ ಕಣ್ಣಿಲ್ಲ, ಎರಡು ಬಿಳಿ ಬೆಳಕು, ಗೋಡೆಗೊರಗಿ ಕೂತ ಅವಳ ಅವ್ವ ಮುತ್ತವ್ವ ಮುಂದೆ ಬಾಗಿ, ಯವ್ವಾ ಫರ್ಹಾನಾ, ಕಣ್ಣ ಮುಚ್ಚಿದಂಗ ಬರಿ, ನಾ ಎಷ್ಟು ಸವರಿದ್ರೂ ಮುಚ್ಚಲಿಲ್ಲ, ತೆರಕೊಂಡ ಮಣ್ಣಿಗೆ ಹೋತು, ಮಣ್ಣ ಕಣ್ಣಾಗ ಬಿದ್ದದ್ದು ನೋಡೇನಿ ನಾ — ದುರ್ಗಾಳ ದನಿ ಏರಿತು, ನನಗ ನನ್ನ ನೋಡೂ ಚಂಪಿ ಬೇಕವ್ವಾ, ಮಕ್ಕೊಂಡದ್ದ ಏನ್ ಮಾಡ್ಲಿ, ಇಬ್ಬರೂ ನನ್ನತ್ತ ನೋಡುತ್ತಿದ್ದಾರೆ, ಯಾರಾದರೂ ಹೀಗೆ ನೋಡಿದರೆ ಅವರು ಹೇಳಿದ್ದಕ್ಕೆ ಹೂಂ ಅಂದುಬಿಡುವವಳು ನಾನು, ಬರೆದ ಕಣ್ಣು ಒಮ್ಮೆ ತೆರೆದರೆ ದಿನವೂ ಗೋಡೆಯಿಂದ ನೋಡುತ್ತದೆ, ಮುತ್ತವ್ವ ಅಡುಗೆಮನೆಗೆ ಹೋಗುವಾಗ, ಬರುವಾಗ, ಮಣ್ಣು ಬಿದ್ದ ಆ ಕಣ್ಣೇ ಅವರಿಗೆ, ಮುಚ್ಚಿದರೆ ದುರ್ಗಾಗೆ ಇನ್ನೆಲ್ಲೂ ಆ ನೋಟ ಸಿಗುವುದಿಲ್ಲ, ಮುಚ್ಚಿದ್ದಕ್ಕೆ ಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ ನಾನಿ, ಅಲ್ಲವೇ, ಆದರೆ ಅದಕ್ಕಲ್ಲ, ನಿನಗೆ ಹೆದರಿ ಅಲ್ಲ — ನೀನು ಹೋದ ಬೆಳಿಗ್ಗೆ ಅಮ್ಮಿ ನಿನ್ನ ಕಣ್ಣಿನವರೆಗೆ ಕೈ ತಂದು ಹಿಂದೆ ತೆಗೆದಳು, ನೀ ಮುಚ್ಚು ಅಂದಳು, ನನ್ನ ಹೆಬ್ಬೆರಳು, ಬಲಗಣ್ಣು ಸುಮ್ಮನೆ ಮುಚ್ಚಿತು, ಎಡಗಣ್ಣು ಮುಚ್ಚಲಿಲ್ಲ, ಬಿಳಿಯ ಒಂದು ಗೆರೆ ಉಳಿಯಿತು, ಮತ್ತೆ ಸವರಿದೆ, ಮತ್ತೆ, ಬೆರಳು ಇನ್ನೂ ಮರೆತಿಲ್ಲ — ಜೇನಿನ ತಟ್ಟೆ ದೂರ ಸರಿಸಿ ಸಣ್ಣ ಕುಂಚ ಎತ್ತಿಕೊಂಡೆ, ದುರ್ಗಾ ಮುಖ ತಿರುಗಿಸಿದಳು, ತಿರುಗಿಸಲಿ, ಅವ್ವಾರ, ಇತ್ತ ಬಂದು ಕುಂಡ್ರಿ, ಇದು ನನ್ನದೇ ದನಿಯೇ, ಅವರು ಕೂತಲ್ಲಿಂದಲೇ ನೆಲದ ಮೇಲೆ ಸರಿದು ಹತ್ತಿರ ಬಂದರು, ಕಂದು ಬಣ್ಣ, ಮೇಲಿನಿಂದ ಕೆಳಗೆ ಬಾಗಿದ ಒಂದೇ ಗೆರೆ, ಬಿಸಿಲಿಗೆ ಕೂತ ಬೆಕ್ಕು ಮುಚ್ಚುವ ಹಾಗೆ, ಬಲಗಣ್ಣು ಮುಚ್ಚಿತು, ಮುತ್ತವ್ವ ಉಸಿರು ಬಿಟ್ಟದ್ದು ನನ್ನ ಮೊಣಕೈಗೆ ತಾಗಿತು, ಇನ್ನು ಎಡದ್ದು, ಕುಂಚ ಅದ್ದಿದೆ, ಎಡಗಣ್ಣು ಬಿಳಿ, ನಾನಿ, ಕೈ ಹತ್ತಿರ ಬಂದು ನಿಂತಿದೆ, ಎಡಗಣ್ಣು, ಬಿಳಿ —