ಯಾರ ಪರ

"ತೋಳು ಅಲ್ಲಾಡಿಸಬೇಡಿ ಅಣ್ಣಾ, ಸೂಜಿ ಚುಚ್ಚೀತು," ಎಂದು ಟೈಲರಕ್ಕ ಗದರಿದಳು. ಕೋರ್ಟಿನ ವರಾಂಡದ ಬೆಂಚಿನ ಮೇಲೆ ವಕೀಲರು ಗೌನು ತೊಟ್ಟುಕೊಂಡೇ ಕುಳಿತಿದ್ದರು. ಹರಿದ ತೋಳನ್ನು ಆಕೆ ಹಾಗೆಯೇ ಹೊಲಿಯುತ್ತಿದ್ದಳು.

ಹೊಲಿಗೆ ಯಂತ್ರ ತುಳಿದೇ ಬದುಕಿದ ಈಕೆ ಊರಿನ ಪುರಸಭೆಗೆ ಅಧ್ಯಕ್ಷೆಯೂ ಆಗಿದ್ದವಳು. ಊರವರು ನೀರು ಕುಡಿಯುವ ಕೆರೆಯನ್ನು ಸರ್ಕಾರ ಒಂದು ಕಂಪನಿಗೆ ಬರೆದುಕೊಟ್ಟಾಗ, ಕೆರೆ ನಮ್ಮದು, ತೀರ್ಮಾನವೂ ನಮ್ಮದು ಎಂದು ಪುರಸಭೆಯ ಹೆಸರಿನಲ್ಲಿ ಕೇಸು ಹಾಕಿಸಿದ್ದಳು. ವಕೀಲರು ತಡೆಯಾಜ್ಞೆ ತಂದಿದ್ದರು. ಆ ಕೇಸು ಉಸಿರಾಡುತ್ತಿರುವ ತನಕ ಕಂಪನಿ ಬೇಲಿ ಹಾಕುವಂತಿರಲಿಲ್ಲ.

ಊರಿನ ಅಧಿಕಾರ ಊರಿಗೇ ಇರಲಿ ಎಂದು ವಾದಿಸಿ ವಾದಿಸಿಯೇ ವಕೀಲರ ತಲೆ ನೆರೆತಿತ್ತು. "ಊರೂರಿಗೆಲ್ಲ ಅಧಿಕಾರ ಕೊಡಿಸ್ತೀರಿ, ಮನೇಲಿ ಸೋರೋ ನಲ್ಲಿ ಮಾತ್ರ ನಿಮ್ಮ ಮಾತು ಕೇಳಲ್ಲ," ಎಂದು ಮನೆಯಾಕೆ ಆಡಿಕೊಳ್ಳುತ್ತಿದ್ದರು.

ಕೇಸು ವಾಯಿದೆಯ ಮೇಲೆ ವಾಯಿದೆ ಬಿದ್ದು ಜಗ್ಗಿತು. ಅಷ್ಟರಲ್ಲಿ ಪುರಸಭೆಯ ಅವಧಿ ಮುಗಿಯಿತು. ಸರ್ಕಾರ ಚುನಾವಣೆ ನಡೆಸಲಿಲ್ಲ. ಅಧ್ಯಕ್ಷೆಯ ಕುರ್ಚಿಯಲ್ಲಿ ತನ್ನ ಅಧಿಕಾರಿಯೊಬ್ಬನನ್ನು ಕೂರಿಸಿತು.

ಆ ಅಧಿಕಾರಿ ಈಗ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಸರ್, ಕೇಸು ವಾಪಸ್ ತಗೊಂಡುಬಿಡಿ."

"ಅದನ್ನ ಹೇಳೋಕೆ ನೀವ್ಯಾರ್ರೀ?" ಟೈಲರಕ್ಕ ತಲೆ ಎತ್ತಿದಳು.

"ಪುರಸಭೆ ಅಂದ್ರೆ ಈಗ ನಾನೇ ಅಲ್ವಾ ತಾಯಿ? ಇವರು ಪುರಸಭೆ ವಕೀಲರು ತಾನೇ?" ಅವನ ದನಿಯಲ್ಲಿ ಸೊಕ್ಕಿರಲಿಲ್ಲ. ಕತ್ತಿನ ಬೆವರು ಒರೆಸಿಕೊಂಡ. "ನಂಗೂ ಮೇಲಿಂದ ಹೇಳಿದ್ದಾರೆ."

"ಚೆನ್ನಾಗಿದೆ ಕಣಣ್ಣಾ! ಹೊಡೆದೋರೂ ಅವರೇ, ಹೊಡೆಸಿಕೊಂಡೋರ ಪರವಾಗಿ ರಾಜಿ ಆಗೋರೂ ಅವರೇ!"

ವಕೀಲರು ನಗಲಿಲ್ಲ. ಒಳಗಿನಿಂದ ಜವಾನ ಕೇಸು ಕೂಗಿದ. ಸೂಜಿ ತೋಳಿನಲ್ಲೇ ನೇತಾಡುತ್ತಿದ್ದಂತೆಯೇ ಎದ್ದು ಒಳಗೆ ಹೋದರು; ಟೈಲರಕ್ಕನೂ ಅಧಿಕಾರಿಯೂ ಹಿಂಬಾಲಿಸಿದರು.

"ಸ್ವಾಮಿ, ಪುರಸಭೆ ಅಂದರೆ ಊರಿನ ಜನ," ಎಂದರು. "ಅವರು ಆರಿಸಿದಾಕೆ ಅಲ್ಲಿ ಹಿಂದೆ ಕೂತಿದ್ದಾರೆ."

"ಆಕೆಯ ಅವಧಿ ಮುಗಿದಿದೆಯಲ್ಲ," ಎಂದರು ನ್ಯಾಯಾಧೀಶರು, ಮೆತ್ತಗೆ. "ಇವತ್ತು ನೀವು ಯಾರ ಪರ ನಿಂತಿದ್ದೀರಿ?"

ಇಷ್ಟು ವರ್ಷ ವಕೀಲರು ಬಾಯಿ ತೆರೆದೊಡನೆ ಮೊದಲು ಹೇಳುತ್ತಿದ್ದದ್ದೇ ತಾವು ಯಾರ ಪರ ಎಂಬುದನ್ನು. ಈಗ ಅವರು ಕೇಸಿನ ಕಡತವನ್ನು ಮುಚ್ಚಿ ಮೇಜಿನ ಮೇಲಿಟ್ಟರು.

"ನಾನು ಈ ಕೇಸಿನಿಂದ ಹಿಂದೆ ಸರಿಯುತ್ತೇನೆ," ಎಂದರು.

ಅಧಿಕಾರಿ ತಾನೇ ಮುಂದೆ ಬಂದು, ಪುರಸಭೆಗೆ ಕೇಸು ಬೇಡವೆಂದು ಹೇಳಿದ. ನ್ಯಾಯಾಧೀಶರು ಒಂದು ಸಾಲು ಬರೆದು ಕೇಸು ಮುಗಿಸಿದರು. ಜವಾನ ಮುಂದಿನ ಕೇಸು ಕೂಗಿದ.

ಹೊರಗೆ ಟೈಲರಕ್ಕ ಕೇಳಿದಳು: "ಊರವರೇ ಹೊಸದಾಗಿ ಹಾಕಬಹುದಾ?"

"ಹಾಕಬಹುದು ಕಣಮ್ಮ. ಅದು ಕೂಗಿಸಿಕೊಳ್ಳೋ ಹೊತ್ತಿಗೆ ಕಂಪನಿ ಕೆರೆಗೆ ಬೇಲಿ ಹಾಕಿರುತ್ತೆ."

ಆಕೆ ತೋಳಿನಲ್ಲಿ ನೇತಾಡುತ್ತಿದ್ದ ಸೂಜಿ ಹಿಡಿದಳು. ಆಮೇಲೆ, "ಬಿಚ್ಚಿ ಕೊಡಿ. ಅರ್ಧಕ್ಕೇ ಬಿಟ್ಟಿದ್ದೆ," ಎಂದಳು.

ಗೌನನ್ನು ಮಡಿಲಲ್ಲಿ ಹಾಕಿಕೊಂಡು, ಅವಸರವಿಲ್ಲದೆ, ಒತ್ತೊತ್ತಾಗಿ ಹೊಲಿದಳು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಅದನ್ನು ಅವರ ಮುಂದೆ ಹಿಡಿದಳು.

ವಕೀಲರು ಕೈ ಚಾಚಲಿಲ್ಲ. ಗೌನು ಆಕೆಯ ಎರಡು ಕೈಗಳ ಮೇಲೆ ಹಾಗೇ ಜೋತುಬಿದ್ದಿತ್ತು.