ರೀಟಾಳ ಹೆಸರಿದ್ದ ಹಾಡು

ಹಳಿಯಾಳದ ಬಸ್ಸು ತಡವಾಗಿ, ಎಲಿಜಬೆತ್ ಮದುವೆ ಮನೆ ಮುಟ್ಟುವಷ್ಟರಲ್ಲಿ ಹುಡುಗಿಯರು ಹಾಡು ಶುರುಮಾಡಿಬಿಟ್ಟಿದ್ದರು. ಮರುದಿನ ಜ್ಯೂಲಿಯ ಮದುವೆ. ಈ ಸಂಜೆ ಅವಳನ್ನು ಅಂಗಳದಲ್ಲಿ ಕೂರಿಸಿ ತೆಂಗಿನಹಾಲು ಎರೆಯುವ ಶಾಸ್ತ್ರ. ಸುತ್ತಲಿನ ಸಿದ್ದಿ ಮನೆಗಳಲ್ಲಿ ಆ ಶಾಸ್ತ್ರದ ಹಾಡಿಗೆ ಎಲಿಜಬೆತ್‌ಳನ್ನೇ ಕರೆಯುವುದು ರೂಢಿ.

ಹುಡುಗಿಯರು ಕಲಿತದ್ದೂ ಅವಳ ದನಿಯಿಂದಲೇ, ಆದರೆ ಮೊಬೈಲಿನಲ್ಲಿ. ಎರಡು ವರ್ಷದ ಹಿಂದೆ ಇದೇ ಊರಿನ ರೀಟಾಳ ಮದುವೆಯಲ್ಲಿ ಎಲಿಜಬೆತ್ ಹಾಡಿದ್ದನ್ನು ರೀಟಾಳ ತಮ್ಮ ಕೆವಿನ್ ರೆಕಾರ್ಡ್ ಮಾಡಿ, ದಾಂಡೇಲಿಯ ಗೆಳೆಯನಿಂದ ಕೀಬೋರ್ಡ್ ಸೇರಿಸಿ, ಯೂಟ್ಯೂಬಿಗೆ ಹಾಕಿದ್ದ. ಆಮೇಲೆ ಸಂತೆಯಲ್ಲಿ ಗುರುತಿಲ್ಲದವರೂ ಎಲಿಜಬೆತ್‌ಳನ್ನು ಮಾತನಾಡಿಸುತ್ತಿದ್ದರು. ಅಡುಗೆ ಮಾಡುವಾಗ ಅವಳೂ ಅದನ್ನು ಹಚ್ಚಿಕೊಂಡು ಕೇಳುತ್ತಿದ್ದಳು.

ಈಗ ಸ್ಪೀಕರಿನ ಜೊತೆ ಹುಡುಗಿಯರು ಚೆನ್ನಾಗಿಯೇ ಹಾಡುತ್ತಿದ್ದರು. ಅಂದು ಅವಳು ಕೆಮ್ಮು ಬಂದು ತಡೆದಲ್ಲಿ ಇವರೂ ತಡೆದರು. ಅವಳಿಗೆ ನಗು ಬಂತು. ಆದರೆ ಮುಂದಿನ ಸಾಲಿನಲ್ಲಿ, ರೆಕಾರ್ಡಿನಲ್ಲಿದ್ದಂತೆಯೇ, ರೀಟಾಳ ತಾಯಿಯೇ ಬಾ, ಮೊದಲ ಹಾಲು ನೀನೆರೆ ಎಂದಾಗ ಜ್ಯೂಲಿ ತಲೆ ತಗ್ಗಿಸಿದಳು. ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಬಟ್ಟಲು ಹಿಡಿದು ಯಾರೂ ಮುಂದೆ ಬರಲಿಲ್ಲ.

ಸ್ಪೀಕರ್ ಬಂದ್ ಮಾಡಿಸಿ ಎಲಿಜಬೆತ್ ತಾನೇ ಹಾಡು ಎತ್ತಿಕೊಂಡಳು. ಆ ಸಾಲು ಬಂದಾಗ ಅವಳ ನಾಲಿಗೆಯೂ ರೀಟಾ ಎಂದೇ ಹೊರಳಿತು. ಗಕ್ಕನೆ ನಿಂತಳು. ಕೇಳಿ ಕೇಳಿ ತನಗೂ ಅದೇ ಬಾಯಿಪಾಠವಾಗಿತ್ತು. ಎಲಿಜಬೆತ್‌ಳ ತಾಯಿ ಹಾಡುವಾಗ ಮನೆಯಿಂದ ಮನೆಗೆ ಆ ಸಾಲು ಬೇರೆಯೇ ಆಗುತ್ತಿತ್ತು.

ಮದುವೆಗೆ ಬಂದು ಪಕ್ಕದಲ್ಲೇ ನಿಂತಿದ್ದ ರೀಟಾಳ ಮುಖ ಸಣ್ಣದಾಯಿತು. "ಯೂಟ್ಯೂಬಿಂದ ಅದನ್ನ ತೆಗೀಲಿಕ್ಕೆ ಕೆವಿನ್‌ಗ ಹೇಳ್ತೇನ್ರಿ, ಮಾವಶಿ."

"ಇರ್ಲಿ ಬಿಡವಾ. ಅದಿಲ್ಲಂದ್ರ ಈ ಹುಡಿಗ್ಯಾರಿಗೆ ಧಾಟಿ ಎಲ್ಲಿಂದ ಬರ್ತಿತ್ತು? ಹೆಸರಷ್ಟ ಆಯಾ ಮನೀವು ಹಾಕ್ಕೋಬೇಕು."

ಆಮೇಲೆ ಎಲಿಜಬೆತ್ ಜ್ಯೂಲಿಯ ಪಕ್ಕ ಕುಳಿತು, ಸಣ್ಣವಳಿದ್ದಾಗ ನಿನಗೆ ಜಡೆ ಹಾಕುತ್ತಿದ್ದವರು ಯಾರು ಎಂದು ಕೇಳಿದಳು. ಅಜ್ಜ ಎಂದಳು ಜ್ಯೂಲಿ. ಒಂದು ಜಡೆ ಮೇಲೆ, ಒಂದು ಕೆಳಗೆ ಎಂದು ಹುಡುಗಿಯೊಬ್ಬಳು ಸೇರಿಸಿದಳು.

ಡಮಾಮಿ ಡೋಲು ಬಾರಿಸುವವನಿಗೆ ಸನ್ನೆ ಮಾಡಿ ಎಲಿಜಬೆತ್ ಮತ್ತೆ ಹಾಡಿದಳು: ಮೇಲೊಂದು ಕೆಳಗೊಂದು ಜಡೆ ಹೆಣೆದ ಪಾವ್ಲು ಅಜ್ಜನೇ ಬಾ, ಜ್ಯೂಲಿಗೆ ಮೊದಲ ಹಾಲು ನೀನೆರೆ. ಹುಡುಗಿಯರು ನಗುತ್ತ ಹಿಂದೆ ಹೇಳಿದರು.

ಕಟ್ಟಿಗೆ ರಾಶಿಯ ಬಳಿ ಕುಳಿತಿದ್ದ ಪಾವ್ಲು, ಅದು ಹೆಂಗಸರ ಕೆಲಸವೆಂದು ಕೈಯಾಡಿಸಿದ. ಅವನು ಏಳುವವರೆಗೂ ಅವರು ಅದೇ ಸಾಲು ಹಾಡಿದರು. ಕೊನೆಗೆ ಬಂದು ಬಟ್ಟಲು ಹಿಡಿದ. ಎರೆದು ರೂಢಿಯಿಲ್ಲದೆ ಅರ್ಧ ಹಾಲು ನೆಲಕ್ಕೆ ಹೋಯಿತು, ಅರ್ಧ ಮೊಮ್ಮಗಳ ತಲೆಯ ಮೇಲೆ. ಜ್ಯೂಲಿ ಅವನ ಒದ್ದೆ ಕೈಯನ್ನು ಹಾಗೇ ಹಿಡಿದುಕೊಂಡಳು.